ಬಿಡಿಗೆಲಸದವನ ಲೆಕ್ಕದ ಪುಸ್ತಕ

ಈ ಭಾಷಣವನ್ನು ಕೇಳುತ್ತಿರುವ ನಿಮ್ಮ ಮನೆಯ ಬಾಗಿಲಿಗೆ ಈ ವಾರದಲ್ಲಿ ಒಮ್ಮೆಯಾದರೂ ಬೆನ್ನಿಗೆ ಚೌಕದ ಚೀಲ ಹೊತ್ತ ಹುಡುಗನೊಬ್ಬ ಬಂದು ಹೋಗಿರಬೇಕು. ಊಟವನ್ನೋ ಔಷಧಿಯನ್ನೋ ಕೈಗೆ ಕೊಟ್ಟು, ಮೊಬೈಲನ್ನು ಒಮ್ಮೆ ಒತ್ತಿ, ನೀವು ತಲೆಯೆತ್ತುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಮಾಯವಾಗಿರುತ್ತಾನೆ. ಬೆಂಗಳೂರಿಗಷ್ಟೇ ಸೇರಿದುದೆಂದು ತಿಳಿದಿದ್ದ ಈ ಕಸುಬು ನಮ್ಮ ತುಮಕೂರಿಗೂ ಬಂದು ನೆಲೆಸಿದೆ. ಬಿ.ಎಚ್. ರಸ್ತೆಯ ಹೋಟೆಲುಗಳ ಮುಂದೆ ಸಂಜೆಯ ಹೊತ್ತು ಸಾಲುಗಟ್ಟಿ ನಿಲ್ಲುವ ದ್ವಿಚಕ್ರ ವಾಹನಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವುಗಳ ಮೇಲೆ ಕುಳಿತಿರುವವರಲ್ಲಿ ನಮ್ಮಂಥ ಉಪಾಧ್ಯಾಯರ ಹಳೆಯ ವಿದ್ಯಾರ್ಥಿಗಳು ಇದ್ದಾರೆ. ನಿಮ್ಮ ಮಗನೋ ತಮ್ಮನೋ ಇದ್ದರೂ ಇರಬಹುದು. ಆದ್ದರಿಂದ ಈ ಮಾತು ಅವರಿಗೆ ಎಷ್ಟೋ ಅವರ ಮನೆಯವರಿಗೂ ಅಷ್ಟೇ.

ಈ ಕೆಲಸಕ್ಕೆ ‘ಗಿಗ್’ ಎಂಬ ಹೆಸರು ಬಂದಿದೆ. ಅಮೆರಿಕದ ಸಂಗೀತಗಾರರು ಒಂದು ರಾತ್ರಿಯ ಕಚೇರಿಗೆ ಬಳಸುತ್ತಿದ್ದ ಆಡುಮಾತು ಅದು. ನಾನು ಬಿಡಿಗೆಲಸ ಎನ್ನುತ್ತೇನೆ. 2022ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯ ಅಂದಾಜಿನಂತೆ 2020-21ರಲ್ಲಿ ದೇಶದಲ್ಲಿ ಇಂಥ ಕೆಲಸಗಾರರು 77 ಲಕ್ಷ. 2029-30ರ ವೇಳೆಗೆ 2.35 ಕೋಟಿಯಾಗಬಹುದಂತೆ. ಆದರೆ ಕಂಪನಿಗಳು ಇವರನ್ನು ಕೆಲಸಗಾರರೆಂದು ಕರೆಯುವುದಿಲ್ಲ, ‘ಪಾರ್ಟ್‌ನರ್’ ಎನ್ನುತ್ತವೆ. ಎಂದರೆ ಪಾಲುದಾರ. ಕನ್ನಡ ಪಾಠ ಹೇಳುವವನಿಗೆ ಈ ಶಬ್ದವನ್ನು ಸ್ವಲ್ಪ ಒರೆಗೆ ಹಚ್ಚಿ ನೋಡಬೇಕೆನಿಸುತ್ತದೆ. ನಮ್ಮ ಸೀಮೆಯಲ್ಲಿ ಹೊಲವನ್ನು ವಾರಕ್ಕೆ ಕೊಡುವ ಪದ್ಧತಿ ಇತ್ತಷ್ಟೆ? ಬೆಳೆ ಬಂದರೆ ಇಬ್ಬರಿಗೂ ಪಾಲು. ಮಳೆ ಹೋದರೆ ಹೊಲದ ಒಡೆಯನಿಗೂ ಹೊಟ್ಟೆಗಿಲ್ಲ. ಇಲ್ಲಿ ಹಾಗಲ್ಲ. ಗಾಡಿ ಹುಡುಗನದು, ಪೆಟ್ರೋಲು ಹುಡುಗನದು, ಚಕ್ರ ಪಂಕ್ಚರಾದರೆ ಅದೂ ಹುಡುಗನದೇ. ಶಬ್ದಕ್ಕೆ ಮರುಳಾಗಿ ತಾನೊಬ್ಬ ವ್ಯಾಪಾರಸ್ಥನೆಂದು ಭಾವಿಸುವುದು ಮೊದಲನೆಯ ತಪ್ಪು. ಹಾಗೆ ಭಾವಿಸಿದ ಮೇಲೆ ವ್ಯಾಪಾರಸ್ಥನಂತೆ ಲೆಕ್ಕವನ್ನೂ ಇಡದಿರುವುದು ಅದಕ್ಕಿಂತ ದೊಡ್ಡ ತಪ್ಪು.

ಲೆಕ್ಕವೆಂದರೆ ಏನು? ದಿನದ ಕೊನೆಗೆ ಮೊಬೈಲು 900 ರೂಪಾಯಿ ಎಂದು ತೋರಿಸುತ್ತದೆ. ಹುಡುಗ ಅದನ್ನು ದಿನದ ಸಂಪಾದನೆ ಎಂದು ಮನೆಯಲ್ಲಿ ಹೇಳುತ್ತಾನೆ; ತಾಯಿ ಅದನ್ನೇ ಮೂವತ್ತರಿಂದ ಗುಣಿಸಿ ನೆಂಟರಿಗೆ ಹೇಳುತ್ತಾಳೆ. ಉದಾಹರಣೆಗಾಗಿ ಒಂದು ಲೆಕ್ಕ ಕಟ್ಟಿ ನೋಡೋಣ. ಮೊಬೈಲಿನಲ್ಲಿ ಕಾಣುವ ದೂರ 65 ಕಿಲೋಮೀಟರು ಎಂದಿಟ್ಟುಕೊಳ್ಳಿ. ಆದರೆ ಗಾಡಿಯ ಮೀಟರು 110 ಎನ್ನುತ್ತದೆ. ಏಕೆಂದರೆ ಪೇಟೆಯಿಂದ ಸತ್ಯಮಂಗಲದ ಕಾರ್ಖಾನೆಗಳ ಕಡೆಗೆ ಊಟ ಮುಟ್ಟಿಸಿದವನು ಬರಿಗೈಯಲ್ಲಿ ಹಿಂದಿರುಗಬೇಕು. ಆ ಬರಿದಾರಿಯ ಪೆಟ್ರೋಲಿಗೆ ಬೇರೆ ಹಣ ಸಿಕ್ಕುವುದು ಅಪರೂಪ. ಲೀಟರಿಗೆ 45 ಕಿಲೋಮೀಟರು ಓಡುವ ಗಾಡಿಗೆ, ಪೆಟ್ರೋಲು 103 ರೂಪಾಯಿಯಂತೆ ಹಿಡಿದರೆ, 252 ರೂಪಾಯಿ ಅಲ್ಲಿಗೇ ಹೋಯಿತು. ಟಯರು, ಎಣ್ಣೆ, ಚೈನು, ಬ್ರೇಕುಗಳ ಸವೆತಕ್ಕೆ ಕಿಲೋಮೀಟರಿಗೆ ಒಂದು ರೂಪಾಯಿ ತೆಗೆದಿಟ್ಟರೆ 110. ಮೊಬೈಲಿನ ರೀಚಾರ್ಜಿಗೆ ದಿನಕ್ಕೆ 10. ಉಳಿದದ್ದು 528. ಗಾಡಿಯನ್ನು ಸಾಲದಲ್ಲಿ ಕೊಂಡು ತಿಂಗಳಿಗೆ 3,000 ಕಂತು ಕಟ್ಟುವವನಾದರೆ, 26 ದಿನದ ದುಡಿಮೆಗೆ ಹಂಚಿ ದಿನಕ್ಕೆ ಇನ್ನೂ 115 ಕಳೆಯಿರಿ. ಕೈಯಲ್ಲಿ 413 ರೂಪಾಯಿ. ಹತ್ತು ಗಂಟೆ ದುಡಿದಿದ್ದಾನೆ. ಗಂಟೆಗೆ 41 ರೂಪಾಯಿ ಬಿತ್ತು. ನಿಮ್ಮ ಮನೆಯ ಹುಡುಗನ ಅಂಕಿಗಳು ಇದಕ್ಕಿಂತ ಮೇಲೋ ಕೆಳಗೋ ಇರಬಹುದು. ಅವು ಎಷ್ಟೆಂಬುದು ಅವನಿಗೆ ಗೊತ್ತಿರಬೇಕು, ಅಷ್ಟೆ. ಈ ಲೆಕ್ಕ ಗೊತ್ತಿಲ್ಲದೆ ಹೊಸ ಗಾಡಿಗೆ ಸಾಲ ಮಾಡಿದವರು, ಕಾಲೇಜು ಬಿಟ್ಟವರು ನನ್ನ ಕಣ್ಣ ಮುಂದೆಯೇ ಇದ್ದಾರೆ. ಕಾಲೇಜು ಬಿಡುವ ವಿಚಾರವನ್ನಂತೂ ಮನೆಯವರು ಕೂತು, ಕಾಗದದ ಮೇಲೆ ಬರೆದು ನೋಡದೆ ತೀರ್ಮಾನಿಸಬಾರದು.

ಎರಡನೆಯದು ವಿಮೆ. ಸ್ವಂತ ಬಳಕೆಗೆಂದು ಮಾಡಿಸಿದ ಗಾಡಿಯ ವಿಮೆಯನ್ನೇ ನೆಚ್ಚಿಕೊಂಡು ದುಡಿಮೆಗೆ ಇಳಿದವರೇ ಹೆಚ್ಚು. ಬಾಡಿಗೆಯ ಕೆಲಸದಲ್ಲಿದ್ದಾಗ ಗಾಡಿ ಜಖಂಗೊಂಡರೆ ಪರಿಹಾರ ಕೊಡಲು ವಿಮಾ ಕಂಪನಿ ತಕರಾರು ತೆಗೆಯುವುದುಂಟು. ಪಾಲಿಸಿಯಲ್ಲಿ ಬಳಕೆಯ ಬಗ್ಗೆ ಏನು ಬರೆದಿದೆ ಎಂದು ಮೊದಲೇ ಓದಿ, ಏಜೆಂಟನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಕೆಲಸಗಾರನ ಮೈಗೆ ಬೇರೆ ರಕ್ಷಣೆ ಬೇಕು. ಇದಕ್ಕಾಗಿ ನಮ್ಮ ರಾಜ್ಯ ಸರ್ಕಾರ 2023ರ ಜುಲೈ ತಿಂಗಳ ಆಯವ್ಯಯದಲ್ಲಿ 4 ಲಕ್ಷ ರೂಪಾಯಿಯ ಯೋಜನೆಯೊಂದನ್ನು ಪ್ರಕಟಿಸಿತು: 2 ಲಕ್ಷ ಜೀವವಿಮೆ, 2 ಲಕ್ಷ ಅಪಘಾತ ವಿಮೆ, ಕಂತನ್ನು ಸರ್ಕಾರವೇ ಭರಿಸುತ್ತದೆ. ಆದರೆ ಹೆಸರು ನೋಂದಾಯಿಸದವನಿಗೆ ಯಾವ ಯೋಜನೆಯೂ ದಕ್ಕದು. ಇ-ಶ್ರಮ್, ಸೇವಾಸಿಂಧು ಎಂಬ ಸರ್ಕಾರದ ಎರಡು ತಾಣಗಳನ್ನು ಅವನು ಅರಿತಿರಬೇಕು. ಹೆಸರು ಬರೆಸುವಾಗ ವಾರಸುದಾರರ ಹೆಸರನ್ನು ಖಾಲಿ ಬಿಡಬಾರದು.

ಮೂರನೆಯ ತಪ್ಪನ್ನು ಹುಡುಗರು ತಪ್ಪೆಂದೇ ತಿಳಿಯುವುದಿಲ್ಲ, ಸ್ನೇಹವೆಂದು ತಿಳಿಯುತ್ತಾರೆ. ತನ್ನ ಹೆಸರಿನ ಖಾತೆಯನ್ನು ಗೆಳೆಯನಿಗೋ ಸೋದರಮಾವನ ಮಗನಿಗೋ ಓಡಿಸಲು ಕೊಡುವುದು. ನಾಲ್ಕು ದಿನ ಕಡ ಕೊಟ್ಟರಾಯಿತಲ್ಲ ಎನ್ನುವುದು. ಆ ನಾಲ್ಕು ದಿನದಲ್ಲಿ ಅಪಘಾತವಾದರೆ ಪೆಟ್ಟು ತಿಂದವನು ಒಬ್ಬ, ದಾಖಲೆಯಲ್ಲಿರುವವನು ಇನ್ನೊಬ್ಬ. ವಿಮೆ ಇಬ್ಬರಿಗೂ ಇಲ್ಲ. ದೂರು ಬಂದರೆ ಪೊಲೀಸರು ಹುಡುಕಿಕೊಂಡು ಬರುವುದು ಹೆಸರಿನವನನ್ನು. ಇನ್ನು, ಕಂಪನಿಯ ಕಡೆಯವನೆಂದು ಫೋನು ಮಾಡಿ ಒಟಿಪಿ ಕೇಳುವವನಿಗೆ ಏನನ್ನೂ ಹೇಳಕೂಡದೆಂಬುದು ಈಗ ಎಲ್ಲರಿಗೂ ಗೊತ್ತು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದು ಕೆಲವರಿಗೆ ಗೊತ್ತಿಲ್ಲ.

ದಾಖಲೆಯ ಮಾತು ಬಂದಾಗ ನನಗೆ ನೆನಪಾಗುವುದು ಬೀಡಿ ಕಟ್ಟುವ ಹೆಂಗಸರು. ನಮ್ಮ ಜಿಲ್ಲೆಯಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ದಕ್ಷಿಣ ಕನ್ನಡದಲ್ಲಿಯೂ, ಮನೆಯಲ್ಲೇ ಕುಳಿತು ಸಾವಿರ ಬೀಡಿಗೆ ಇಷ್ಟೆಂದು ದುಡಿದವರು ಅವರು. ಅವರನ್ನೂ ಒಂದು ಕಾಲಕ್ಕೆ ಕಾರ್ಮಿಕರೆಂದು ಒಪ್ಪುತ್ತಿರಲಿಲ್ಲ. ಕಟ್ಟಿದ ಬೀಡಿಯಲ್ಲಿ ಇಷ್ಟು ಕೆಟ್ಟದ್ದೆಂದು ತೆಗೆದರೆ ಕೇಳುವವರಿರಲಿಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದು ಮನೆಯಲ್ಲಿ ದುಡಿಯುವವರನ್ನೂ ಒಳಗೊಂಡಿತು. ಮಾಲೀಕರು ಅದನ್ನು ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿಯ ಮೇಲೆ ಸೆಸ್ಸು ಹಾಕಿ ಕಲ್ಯಾಣನಿಧಿಯೊಂದು ಹುಟ್ಟಿತು, ಜಿ.ಎಸ್.ಟಿ. ಬಂದ 2017ರಲ್ಲಿ ಆ ಸೆಸ್ಸು ರದ್ದಾಯಿತೆಂಬುದು ಬೇರೆ ಮಾತು. ಇಂಥ ಹಕ್ಕು ಕೇಳಲು ಹೋದಾಗ ಕೈಹಿಡಿಯುವುದು ಯಾವ ದಿನ ಎಷ್ಟು ಕಟ್ಟಿದೆ, ಎಷ್ಟು ಹಣ ಬಂತು ಎಂದು ಬರೆದಿಟ್ಟ ಪುಸ್ತಕವೇ ಹೊರತು ಬಾಯಿಮಾತಲ್ಲ.

ಬಿಡಿಗೆಲಸದವರ ಪಾಲಿಗೆ ಅಂಥ ಕಾಲ ಈಗ ಬಂದಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಅದರಲ್ಲಿ ಇವರ ಹೆಸರೂ ಉಂಟು. ಅದಕ್ಕೆ ಸ್ವಲ್ಪ ಮೊದಲೇ ಕರ್ನಾಟಕ ತನ್ನದೇ ಕಾಯಿದೆಯನ್ನು 2025ರಲ್ಲಿ ಮಾಡಿತು. ಪ್ರತಿಯೊಂದು ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಮೊತ್ತದ ಮೇಲೆ ಶೇಕಡ 1ರಿಂದ 5ರವರೆಗೆ ಕಂಪನಿಯಿಂದ ಕಲ್ಯಾಣ ಶುಲ್ಕ ಪಡೆಯಲು ಅದರಲ್ಲಿ ಅವಕಾಶವಿದೆ. ಕೆಲಸದಿಂದ ತೆಗೆಯುವುದಾದರೆ ಸಾಮಾನ್ಯವಾಗಿ 14 ದಿನ ಮುಂಚೆ ಕಾರಣ ಸಹಿತ ಬರಹದಲ್ಲಿ ತಿಳಿಸಬೇಕು. ಹಣ ಮುರಿದರೆ ಕಾರಣ ತೋರಿಸಬೇಕು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕರಾರು ಸರಳ ಭಾಷೆಯಲ್ಲಿರಬೇಕು, ಕನ್ನಡದಲ್ಲಿಯೂ ದೊರೆಯಬೇಕು ಎಂಬ ಮಾತು. ಇಷ್ಟಾದರೂ ಓದದೆ ‘ಒಪ್ಪಿದೆ’ ಎಂದು ಒತ್ತುವವನನ್ನು ಯಾವ ಕಾಯಿದೆ ಕಾಯಬೇಕು? ಎಸ್.ಎಸ್.ಎಲ್.ಸಿ.ಯಲ್ಲಿ ಗದ್ಯಭಾಗ ಓದಿ ಸಾರಾಂಶ ಬರೆದು ತೇರ್ಗಡೆಯಾದವರೇ ಅಲ್ಲವೆ ಇವರು? ಕನ್ನಡದ ಕರಾರನ್ನು ಕೇಳಿ ಪಡೆಯಬೇಕು, ಅರ್ಧ ಗಂಟೆ ಕೂತು ಓದಬೇಕು.

ವಾರದ ಪಾವತಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಬೇರೆ ಕಡೆಗೂ ಕಳಿಸಿಟ್ಟಿರಬೇಕು. ಖಾತೆ ಮುಚ್ಚಿಹೋದ ದಿನ ಒಳಗಿನ ಲೆಕ್ಕವೂ ಕಣ್ಣಿಗೆ ಬೀಳದೆ ಹೋಗಬಹುದು. ಮೂಲದಲ್ಲೇ ತೆರಿಗೆ ಹಿಡಿದಿದ್ದರೆ, ಆದಾಯ ತೆರಿಗೆಯ ಮಿತಿಯೊಳಗಿರುವವನು ರಿಟರ್ನ್ಸ್ ಸಲ್ಲಿಸಿ ಅದನ್ನು ಹಿಂದಕ್ಕೆ ಪಡೆಯಬಹುದು.

ಮನೆಯಲ್ಲಿ ಕುಳಿತು ತರಿಸಿಕೊಳ್ಳುವ ನಮಗೂ ಒಂದು ಮಾತುಂಟು. ವಿಳಾಸವನ್ನು ಅರ್ಧ ಬರೆದು, ಆಮೇಲೆ ತಡವಾಯಿತೆಂದು ಒಂದೇ ನಕ್ಷತ್ರ ಒತ್ತುವುದು ಸುಲಭ. ಆ ಒಂದು ನಕ್ಷತ್ರಕ್ಕೆ ಅವನ ನಾಳೆಯ ಕೆಲಸ ಕಡಿಮೆಯಾಗಬಹುದು. ಹೋಟೆಲಿನವನು ತಡ ಮಾಡಿದ್ದಕ್ಕೆ ಹುಡುಗನನ್ನು ಬೈಯುವುದು ಯಾವ ನ್ಯಾಯ? ಮಳೆಯಲ್ಲಿ ಬಂದವನಿಗೆ ಒಂದು ಲೋಟ ನೀರು ಕೇಳಿ ನೋಡಿ. ಬೇಡವೆಂದು ಓಡುತ್ತಾನೆ, ಆದರೂ ಕೇಳಿ.

ಕಡೆಯದಾಗಿ ಆ ಲೆಕ್ಕದ ಪುಸ್ತಕ. ಇಪ್ಪತ್ತು ರೂಪಾಯಿಯ ನೋಟುಬುಕ್ಕು ಸಾಕು. ದಿನಕ್ಕೊಂದು ಸಾಲು: ಬೆಳಿಗ್ಗೆಯ ಮೀಟರು, ರಾತ್ರಿಯ ಮೀಟರು, ಗಂಟೆ, ಬಂದ ಹಣ, ಹೋದ ಹಣ. ಮೊದಲ ಪುಟದಲ್ಲಿ ಮಾತ್ರ ಬೇರೆ ವಿಷಯ ಬರೆಯಬೇಕು: ವಿಮೆಯ ಸಂಖ್ಯೆ, ಇ-ಶ್ರಮ್ ಸಂಖ್ಯೆ, ರಕ್ತದ ಗುಂಪು, ತಿಂಗಳ ಕಂತು ಕಟ್ಟುವ ತಾರೀಖು. ಈ ಪುಸ್ತಕ ಗಾಡಿಯ ಪೆಟ್ಟಿಗೆಯಲ್ಲಿರಕೂಡದು. ಮನೆಯಲ್ಲಿ, ತಾಯಿಗೋ ಹೆಂಡತಿಗೋ ಗೊತ್ತಿರುವ ಜಾಗದಲ್ಲಿರಬೇಕು.