ಬೆನ್ನ ಮೇಲಿನ ಚೀಲ

ಹಿಮಾಲಯಕ್ಕೆಂದು ಗೆಳೆಯರು ಬೆನ್ನಿಗೆ ಚೀಲ ಏರಿಸಿದಾಗಲೆಲ್ಲ ನನಗೆ ನೆನಪಾಗುವುದು ಕಾಕನಕೋಟೆಯ ಕಾಡು. ಅಲ್ಲೀಗ ಸಫಾರಿ ಜೀಪಿನಿಂದ ಕೆಳಗೆ ಕಾಲಿಡುವಂತಿಲ್ಲ. ಹುಲಿಯ ಕಾಡು, ಸರಿಯೇ. ಆದರೆ ಆ ಕಾಡನ್ನು ಅಂಗಾಲಿನಿಂದಲೇ ಬಲ್ಲವರು ಜೇನುಕುರುಬರು, ಬೆಟ್ಟಕುರುಬರು. ನಕ್ಷೆಯಿಲ್ಲ, ಬೂಟಿಲ್ಲ, ಲದ್ದಿ ಹಸಿಯಾಗಿದ್ದರೆ ಆನೆ ಹತ್ತಿರದಲ್ಲೇ ಇದೆ, ದಾರಿ ಬದಲಿಸು, ಅಷ್ಟೇ. ಕಾಡಾನೆ ಹಿಡಿಯಲು ನಡೆಸುತ್ತಿದ್ದ, 1971ರಲ್ಲಿ ನಿಂತುಹೋದ ಖೆಡ್ಡಾಗಳಲ್ಲಿ ಆನೆಯ ಹೆಜ್ಜೆ ಹಿಡಿದು ಮುಂದೆ ನಡೆದವರೂ ಅವರೇ. ಈಗ ಅವರಲ್ಲಿ ಎಷ್ಟೋ ಜನ ಕಾಡಂಚಿನ ಹಾಡಿಗಳಲ್ಲಿದ್ದಾರೆ.

ಆ ಕಾಡಿನಲ್ಲಿ ಆಗದಿದ್ದರೂ ನಡೆಯಲೇಬೇಕೆನ್ನುವವರು ಹುಣಸೂರಿನ ಸೇತುವೆಯ ಮೇಲೆ ಒಮ್ಮೆ ನಿಲ್ಲಿ. ಕೆಳಗೆ ಹರಿಯುವ ಲಕ್ಷ್ಮಣತೀರ್ಥ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ ಬಂದ ನೀರು. ಅರಣ್ಯ ಇಲಾಖೆಯ ಅನುಮತಿ ಸಿಕ್ಕರೆ ಆ ಬೆಟ್ಟ ಹತ್ತಬಹುದು. ಮಳೆಗಾಲ ಮುಗಿದಿದ್ದರೂ ಚೀಲದಲ್ಲಿ ಒಂದು ಹಿಡಿ ಉಪ್ಪಿರಲಿ, ಜಿಗಣೆಗೆ.