ಲಕ್ವ ಹೊಡೆದಾಗ ಮೊದಲು ಗಡಿಯಾರ ನೋಡಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ, ನಮ್ಮೂರಿನವರೇ ಆದ ನಿವೃತ್ತ ವೈದ್ಯಾಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ವೇದಿಕೆಯಲ್ಲಿ ಹಸು, ಹಾಲು, ಫ್ಯಾಟು ಅಂತ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಕಾರ್ಯದರ್ಶಿಗಳು ನನ್ನ ಹತ್ತಿರ ಬಂದು, "ಡಾಕ್ಟ್ರೇ, ಎರಡು ವರ್ಷದಲ್ಲಿ ನಮ್ಮ ಸದಸ್ಯರಲ್ಲೇ ನಾಲ್ಕು ಜನಕ್ಕೆ ಲಕ್ವ ಹೊಡೀತು, ಅದರ ವಿಷಯ ಹೇಳಿ" ಅಂದರು. ಅದಕ್ಕೇ ಒಪ್ಪಿಕೊಂಡೆ.

ಕೈಕಾಲು ಬಿದ್ದುಹೋಗುವುದರಿಂದ ಇದನ್ನು ಕೈಕಾಲಿನ ಕಾಯಿಲೆ ಅಂತಲೇ ನಮ್ಮ ಜನ ತಿಳಿದಿದ್ದಾರೆ. ಅಲ್ಲ. ಕಾಯಿಲೆ ಇರುವುದು ಮಿದುಳಿನಲ್ಲಿ. ಮಿದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಳ್ಳುತ್ತೆ, ಕಾಲುವೆಗೆ ಕಸ ಅಡ್ಡ ಬಂದ ಹಾಗೆ. ಇಲ್ಲದಿದ್ದರೆ ನಾಳವೇ ಒಡೆದು ರಕ್ತ ಸೋರುತ್ತೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಯಾವುದು ಅಂತ ಹೇಳಲು ನನ್ನಂಥವನ ಮೂವತ್ತು ವರ್ಷದ ಅನುಭವವೂ ಸಾಲದು, ಸಿಟಿ ಸ್ಕ್ಯಾನೇ ಆಗಬೇಕು. ಎಣ್ಣೆ ಹಾಕಿ ಕಾಲು ತಿಕ್ಕಿದರೆ ತಲೆಯೊಳಗಿನ ಹೆಪ್ಪು ಹೇಗೆ ಕರಗುತ್ತೆ ಹೇಳಿ?

ಗುರುತು ಹಿಡಿಯುವುದು ಕಷ್ಟವಲ್ಲ. ನಗಿ ಅಂದರೆ ಬಾಯಿ ಒಂದು ಕಡೆ ಸೊಟ್ಟಗಾಗುತ್ತೆ. ಎರಡೂ ಕೈ ಎತ್ತಿ ಅಂದರೆ ಒಂದು ಕೈ ಕೆಳಗೆ ಜಾರುತ್ತೆ. ಮಾತು ತೊದಲುತ್ತೆ, ಇಲ್ಲವೇ ಸಂಬಂಧವಿಲ್ಲದ ಮಾತು ಬರುತ್ತೆ. ಇದ್ದಕ್ಕಿದ್ದಂತೆ ಕಣ್ಣು ಮಂಜಾಗಬಹುದು, ತೂರಾಡಬಹುದು. ಇದರಲ್ಲಿ ಒಂದು ಕಂಡರೂ ಸಾಕು. ಕೂಡಲೇ ಗಡಿಯಾರ ನೋಡಿ.

ಗಡಿಯಾರ ಯಾಕೆ ಅಂದರೆ, ಒಂದು ಕಥೆ ಹೇಳಬೇಕು. ಪಕ್ಕದ ಊರಿನ ಒಬ್ಬ ರೈತರು ಬೆಳಿಗ್ಗೆ ಎಂಟು ಗಂಟೆಗೆ ಹೊಲದ ಬದುವಿನಲ್ಲಿ ಬಿದ್ದಿದ್ದರು. ಹೆಂಡತಿ ಮಗಳ ಊರಿಗೆ ಹೋಗಿದ್ದರು. ಮಗ ಕಾರಿನಲ್ಲಿ ಕರೆದುಕೊಂಡು ಹೊರಟ, ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡ. ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಇವರು ಚೆನ್ನಾಗಿದ್ದುದನ್ನು ಕೊನೇ ಸಲ ನೋಡಿದ್ದು ಎಷ್ಟು ಗಂಟೆಗೆ?" ಮಗ, "ರಾತ್ರಿ ಊಟ ಮಾಡುವಾಗ" ಅಂದ. ಹಾಗೆ ಲೆಕ್ಕ ಹಾಕಿದರೆ ಹನ್ನೆರಡು ಗಂಟೆ ಮೀರಿತು. ಅಷ್ಟರಲ್ಲಿ ಅಂಗಿ ಬಿಚ್ಚುತ್ತಿದ್ದ ನರ್ಸಮ್ಮನಿಗೆ ಜೇಬಿನಲ್ಲಿ ಡೈರಿಯ ಚೀಟಿ ಸಿಕ್ಕಿತು. ಯಂತ್ರದಲ್ಲಿ ಅಚ್ಚಾದ ಚೀಟಿ, 6 ಗಂಟೆ 20 ನಿಮಿಷ. ಅವರ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದೆ. "ಹೌದು ಸಾರ್, ಫ್ಯಾಟು ಕಮ್ಮಿ ಬಂತು ಅಂತ ನನ್ನ ಜೊತೆ ಜಗಳ ಆಡಿಯೇ ಹೋದ್ರು" ಅಂದರು. ಜಗಳ ಆಡುವಷ್ಟು ಮಾತು ನೆಟ್ಟಗಿತ್ತು! ಸ್ಕ್ಯಾನ್ ಆಯಿತು, ರಕ್ತ ಸೋರಿರಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಈಗ ಕಾಲು ಸ್ವಲ್ಪ ಎಳೆಯುತ್ತಾರೆ, ಆದರೆ ಹಾಲು ತಾವೇ ತಂದು ಹಾಕುತ್ತಾರೆ.

ಆ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಗುಣ. ಎಲ್ಲರಿಗೂ ಕೊಡಲು ಬರುವುದಿಲ್ಲ, ಕೊಟ್ಟವರೆಲ್ಲ ಎದ್ದು ಓಡಾಡುತ್ತಾರೆ ಅಂತಲೂ ಇಲ್ಲ, ಬೆಲೆಯೂ ಜಾಸ್ತಿ. ಕೆಲವರಿಗೆ ಸಣ್ಣ ಕೊಳವೆ ಹಾಕಿ ಹೆಪ್ಪನ್ನೇ ಹೊರಗೆಳೆಯುವ ಚಿಕಿತ್ಸೆ ಇದೆ. ಆಯ್ದ ರೋಗಿಗಳಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದು, ಆದರೆ ಅದು ದೊಡ್ಡ ಊರಿನ ಮಾತು. ನಿದ್ದೆಯಲ್ಲಿ ಲಕ್ವ ಹೊಡೆದರೆ ಮಲಗಿದ ಹೊತ್ತಿನಿಂದಲೇ ಲೆಕ್ಕ.

ಹಾಗಾಗಿ ಮೊದಲು ಇಲ್ಲಿಯ ಕ್ಲಿನಿಕ್ಕು, ಆಮೇಲೆ ತಾಲ್ಲೂಕು, ಅಲ್ಲಿಂದ ಜಿಲ್ಲೆ ಅಂತ ಮೂರು ಕಡೆ ಚೀಟಿ ಬರೆಸಿಕೊಂಡು ಅಲೆದರೆ ಹೊತ್ತು ಕೈಬಿಡುತ್ತೆ. 108ಕ್ಕೆ ಫೋನು ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ದಾರಿಯಲ್ಲಿ ನೀರು, ಕಾಫಿ ಏನೂ ಕುಡಿಸಬೇಡಿ, ನುಂಗಲು ಆಗದೆ ಶ್ವಾಸಕೋಶಕ್ಕೆ ಇಳಿಯುತ್ತೆ. ಹಾರ್ಟಿನ ಮಾತ್ರೆ ಅಂತ ಆಸ್ಪಿರಿನ್ ಕೊಡಲೂ ಬೇಡಿ. ನಾಳ ಒಡೆದಿದ್ದರೆ ಅದೇ ವಿಷವಾದೀತು.

ಇನ್ನು ನಾಟಿ ಔಷಧಿ. ಪಾರಿವಾಳದ ರಕ್ತ ತಿಕ್ಕಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. "ಅಲ್ಲಿ ಹೋಗಿ ಗುಣವಾಯ್ತಲ್ಲ ಡಾಕ್ಟ್ರೇ" ಅಂತ ಕೇಳುತ್ತೀರಿ. ಆಗಿರಬಹುದು. ಲಕ್ವ ಹೊಡೆದ ಮೊದಲ ಮೂರು ತಿಂಗಳು ಮಿದುಳು ತಾನೇ ತಕ್ಕಮಟ್ಟಿಗೆ ಚೇತರಿಸಿಕೊಳ್ಳುತ್ತೆ. ಆ ಹೊತ್ತಿನಲ್ಲಿ ಯಾರ ಹತ್ತಿರ ಹೋಗಿದ್ದಿರೋ ಅವರಿಗೆ ಹೆಸರು ಬರುತ್ತೆ. ನಮಗೂ ಕೆಲವು ಸಲ ಹಾಗೇ ಪುಕ್ಕಟೆ ಹೆಸರು ಬಂದಿದೆ ಅನ್ನಿ.

ನಮ್ಮ ತಂದೆಯವರಿಗೆ 1994ರಲ್ಲಿ ಲಕ್ವ ಹೊಡೆಯಿತು. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಆಗ ಈ ಇಂಜೆಕ್ಷನ್ ಬಳಕೆಗೆ ಬಂದಿರಲಿಲ್ಲ. ಅದರಿಂದ ಪ್ರಯೋಜನವಿದೆ ಅಂತ ಅಮೆರಿಕದಲ್ಲಿ ಗೊತ್ತಾದದ್ದೇ 1995ರಲ್ಲಿ. ಆದರೆ ಬಿಪಿ ಮಾತ್ರೆ ಇತ್ತಲ್ಲ! ನಾನೇ ಬರೆದುಕೊಟ್ಟಿದ್ದೆ. ಆರು ತಿಂಗಳು ನುಂಗಿ, "ಈಗ ಚೆನ್ನಾಗಿದೀನಲ್ಲ" ಅಂತ ಬಿಟ್ಟಿದ್ದರು. ಹಬ್ಬಕ್ಕೆ ಊರಿಗೆ ಬಂದಾಗಲೆಲ್ಲ ನಾನು ಹಸು ಕರುವಿನ ವಿಷಯ ಕೇಳಿದೆ, ಮಾತ್ರೆಯ ವಿಷಯ ಕೇಳಲಿಲ್ಲ. ಊರಿನವರಿಗೆಲ್ಲ ಬಿಪಿ ನೋಡುವ ಡಾಕ್ಟರು ಸ್ವಂತ ಅಪ್ಪನಿಗೆ ನೋಡಲಿಲ್ಲ. ಅವರು ಆರು ವರ್ಷ ಮಂಚದ ಮೇಲಿದ್ದರು. ನಮ್ಮ ಅವ್ವ ಒಬ್ಬಳೇ ಎತ್ತಿ ಇಳಿಸಿದಳು.

ಬಿಪಿ ಇದ್ದರೆ ತಲೆನೋವು ಬರುತ್ತೆ, ತಲೆ ಸುತ್ತುತ್ತೆ ಅಂತ ಕಾಯಬೇಡಿ. ಬಹಳ ಜನಕ್ಕೆ ಏನೂ ಗೊತ್ತೇ ಆಗುವುದಿಲ್ಲ. 140/90 ಮೀರಿತ್ತು ಅಂದರೆ ಡಾಕ್ಟರಿಗೆ ತೋರಿಸಿ. ಮಾತ್ರೆ ನುಂಗುತ್ತಿರುವುದರಿಂದಲೇ ಬಿಪಿ ಸರಿಯಾಗಿದೆ, ಸರಿಯಾಯ್ತು ಅಂತ ಬಿಡುವುದಲ್ಲ. ಸಕ್ಕರೆ ಕಾಯಿಲೆ, ಬೀಡಿ, ಹೊಗೆಸೊಪ್ಪು, ಕುಡಿತ ಇವೂ ಸೇರಿಕೊಳ್ಳುತ್ತವೆ. ಉಪ್ಪಿನದು ಒಂದು ಲೆಕ್ಕ ಹೇಳುತ್ತೇನೆ, ಹೆಣ್ಣುಮಕ್ಕಳು ಕೇಳಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ದಾಟಬಾರದು. ನಾಲ್ಕು ಜನರ ಮನೆಗೆ ಒಂದು ಕೆಜಿ ಪಾಕೀಟು 50 ದಿನ ಬರಬೇಕು. ನಿಮ್ಮನೆಯಲ್ಲಿ ಎಷ್ಟು ದಿನ ಬರುತ್ತೆ? ಉಪ್ಪಿನಕಾಯಿ, ಹಪ್ಪಳದ ಉಪ್ಪು ಇದರೊಳಗೇ ಬಂತು.

ಕೆಲವರಿಗೆ ಹತ್ತು ನಿಮಿಷ ಕೈ ಮರಗಟ್ಟಿ, ಬಾಯಿ ಸೊಟ್ಟಗಾಗಿ ತಾನೇ ಸರಿಹೋಗುತ್ತೆ. "ದೇವರು ದೊಡ್ಡೋನು" ಅಂತ ಸುಮ್ಮನಾಗುತ್ತಾರೆ. ಅದು ದೊಡ್ಡ ಲಕ್ವದ ಮುನ್ಸೂಚನೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮನೆಗೆ ಬಂದ ಮೇಲಿನ ಆರೈಕೆಯೇ ದೀರ್ಘ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ಹುಣ್ಣಾಗಬಾರದು. ಬಿದ್ದ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಭುಜ ಜಾರುತ್ತೆ. ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದಲೇ ಕಲಿಯಿರಿ, ಅವರಿಗೆ ಮತ್ತೆ ಮತ್ತೆ ತೋರಿಸಿ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮೇಲೆ ಒಂದು ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಯಿತು. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರು. ಎಂದಿನ ಆರೈಕೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಮನೆಯವರನ್ನು ಹಳಿಯಲು ಇದನ್ನು ಹೇಳಲಿಲ್ಲ. ಎಲ್ಲವನ್ನೂ ಸೊಸೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬೇಡಿ ಅಂತ ಹೇಳಿದೆ. ಮಾತು ಹೋದವರಿಗೆ ಬುದ್ಧಿ ಹೋಗಿದೆ ಅಂತಲೂ ತಿಳಿಯಬೇಡಿ. ಎಷ್ಟೋ ಜನಕ್ಕೆ ನೀವು ಎದುರಿಗೆ ಆಡಿದ್ದೆಲ್ಲ ಅರ್ಥವಾಗುತ್ತೆ, ಉತ್ತರ ಕೊಡಲು ಆಗುವುದಿಲ್ಲ ಅಷ್ಟೆ. ಅಳುತ್ತಾ ಕೂತಿದ್ದರೆ ಅದಕ್ಕೂ ಔಷಧಿ ಇದೆ, ಡಾಕ್ಟರಿಗೆ ಹೇಳಿ.

ಆಡಳಿತ ಮಂಡಳಿಗೆ ನನ್ನದು ಎರಡು ಕೋರಿಕೆ. ಹಾಲಿನ ದರ ಬರೆಯುವ ಬೋರ್ಡಿನ ಪಕ್ಕದಲ್ಲೇ, ಹಗಲು ರಾತ್ರಿ ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಯ ಹೆಸರು, ಫೋನ್ ನಂಬರು ಬರೆಸಿ. ಒಂದು ಬಿಪಿ ಯಂತ್ರ ತಂದು ಡೈರಿಯಲ್ಲೇ ಇಡಿ, ಹಾಲು ಪರೀಕ್ಷೆ ಮಾಡುವ ಹುಡುಗನಿಗೆ ನಾನು ಹೇಳಿಕೊಡುತ್ತೇನೆ. ಇವತ್ತಿಗೆ ನನ್ನದೇ ತಂದಿದ್ದೇನೆ. ಟೀ ಕುಡಿದು ಬಿಪಿ ನೋಡಿಸಿಕೊಂಡರೆ ಲೆಕ್ಕ ತಪ್ಪುತ್ತೆ, ಆದ್ದರಿಂದ ನಲವತ್ತು ದಾಟಿದವರು ಟೀಗೆ ಹೋಗುವ ಮೊದಲೇ ಈ ಬೆಂಚಿನ ಮೇಲೆ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಅಧ್ಯಕ್ಷರು ಮೊದಲು ಬರಲಿ.