ಮರಳಿ ಬಂದ ಯೋಧನ ಬೆಂಬಲಕ್ಕೆ



ಕುಣಿಗಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆಗಳನ್ನು ಒದಗಿಸುತ್ತಿತ್ತೆಂಬುದನ್ನು ನಾವು ಹಿರಿಯರಿಂದ ಕೇಳಿ ಬಲ್ಲೆವು. ಮುಂದೆ ಮೈಸೂರು ಸಂಸ್ಥಾನದ ರಾವುತರು 1918ರ ಸೆಪ್ಟೆಂಬರ್ 23ರಂದು ಜೋಧಪುರದ ರಾವುತರೊಡಗೂಡಿ ದೂರದ ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರಿನ ರಾವುತನಿಗೂ ಸ್ಥಾನವುಂಟು. ಮಡಿದವರ ನೆನಪನ್ನು ಕಲ್ಲು ಕಾಯುತ್ತದೆ. ಮರಳಿ ಬಂದವರನ್ನು ಕಾಯುವವರು ಯಾರು?

ಈ ಪ್ರಶ್ನೆಗೆ ಉತ್ತರವಾಗಿ 1919ರಲ್ಲಿ ಸರ್ಕಾರವು ಸೈನಿಕರ ಮಂಡಳಿಯನ್ನು ರಚಿಸಿತು; ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲ ಅದೇ. 1949ರಿಂದ ಡಿಸೆಂಬರ್ 7 ಧ್ವಜ ದಿನವಾಯಿತು. ಆದರೆ ಸೈನಿಕರ ಅಳಲನ್ನು ಸೈನಿಕರೇ ಆಡಬೇಕೆಂದು 1964ರಲ್ಲಿ ಭಾರತೀಯ ಮಾಜಿ ಸೈನಿಕರ ಲೀಗನ್ನು ಕಟ್ಟಿದವರು, ಸ್ವತಂತ್ರ ಭಾರತದ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದ ಕೊಡಗಿನ ಕೆ. ಎಂ. ಕಾರ್ಯಪ್ಪನವರು. ಸಮಾನ ಹುದ್ದೆಗೆ ಸಮಾನ ಪಿಂಚಣಿಯ ಬೇಡಿಕೆಗೆ 2015ರಲ್ಲಿ ಆಜ್ಞೆ ದೊರೆತುದೂ ಇಂತಹ ಒಗ್ಗಟ್ಟಿನ ಫಲವೇ.

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಹಳ್ಳಿಗಳಲ್ಲಿ ಈ ಒಗ್ಗಟ್ಟಿನ ಅಗತ್ಯ ಬೇರೆಯದೇ ರೂಪದಲ್ಲಿ ಕಾಣುತ್ತದೆ. ಸೈನ್ಯದ ದಾಖಲೆಯಲ್ಲಿ ಪತ್ನಿಯ ಹೆಸರು ಒಂದು, ಊರಿನ ದಾಖಲೆಯಲ್ಲಿ ಇನ್ನೊಂದು; ಅಷ್ಟಕ್ಕೇ ವಿಧವೆಯೊಬ್ಬಳ ಪಿಂಚಣಿ ನಿಂತುಹೋಗಬಹುದು. ಓದುಬರಹವರಿಯದ ಆ ತಾಯಿ ಯಾರ ಬಾಗಿಲು ತಟ್ಟಬೇಕು? ಅವಳಿಗಾಗಿ ಅರ್ಜಿ ಬರೆದು, ಕಚೇರಿಯವರೆಗೆ ಜೊತೆಯಲ್ಲಿ ನಡೆಯುವ ಗಂಡನ ಹಳೆಯ ಸಂಗಡಿಗನೇ ಮಾಜಿ ಸೈನಿಕರ ಸಂಘದ ನಿಜವಾದ ಚರಿತ್ರೆ.

ಯೋಧನೊಬ್ಬನು ಗತಿಸಿದ ದಿನ ನಾವು ಹೂಮಾಲೆಯಿಟ್ಟು ಹಿಂದಿರುಗುತ್ತೇವೆ. ಮರುವಾರವೂ ಆ ಮನೆಗೆ ಹೋಗೋಣ. ಕಾಗದಪತ್ರಗಳನ್ನು ಓದಿ ಹೇಳೋಣ. ನಾವು ಸಲ್ಲಿಸಬಹುದಾದ ಗೌರವ ಅದು.